ವಾರಾನ್ನದ ಹುಡುಗರ ತೂಕ

ಸದಾಶಿವ ಪೇಠ, ಪುಣೆ
೩ ಆಗಸ್ಟ್ ೧೯೩೬

ಶ್ಯಾಮಾ,

ಹೇಳದೆ ಕೇಳದೆ ಗಾಡಿ ಹತ್ತಿ ಹೋದವನು ಈ ನಾಲ್ಕು ವರ್ಷದಲ್ಲಿ ಒಂದು ಕಾರ್ಡಾದರೂ ಗೀಚಬಾರದಿತ್ತೇನೋ? ನಿನ್ನ ವಿಳಾಸವನ್ನು ಗದಗಿನಿಂದ ಬಂದ ಹತ್ತಿ ವ್ಯಾಪಾರಿಯೊಬ್ಬರ ಬಾಯಿಂದ ಕೀಳಬೇಕಾಯಿತು. ಅಡತಿ ಅಂಗಡಿಯಲ್ಲಿ ದಲಾಲಿಯ ಲೆಕ್ಕ ಬರೆಯುವ ಗುಮಾಸ್ತನಾಗಿದ್ದೀಯಂತೆ, ಮೀಸೆ ಬಿಟ್ಟಿದ್ದೀಯಂತೆ. ಮೀಸೆಯ ಸುದ್ದಿ ಕೇಳಿ ಒಬ್ಬನೇ ನಕ್ಕೆ. ಆಮೇಲೆ ಸಿಟ್ಟು ಬಂತು.

ಸಿಟ್ಟು ಬದಿಗಿರಲಿ, ನಿನ್ನಿಂದ ಒಂದು ಕೆಲಸವಾಗಬೇಕಾಗಿದೆ. ಎಂ.ಎ. ಮುಗಿಸಿ ನೌಕರಿಗಾಗಿ ಚಪ್ಪಲಿ ಸವೆಸುತ್ತಿದ್ದ ನನ್ನನ್ನು ಡಾಕ್ಟರ್ ದೇವದಾಸ್ ಎಂಬವರು ಹಿಡಿದಿದ್ದಾರೆ. ಮಂಗಳೂರ ಕಡೆಯವರು, ವಿಲಾಯತಿಯಲ್ಲಿ ಕಲಿತವರು, ಒಳ್ಳೆಯ ಮನುಷ್ಯ. ಪುಣೆಯಲ್ಲಿ ಓದುವ ನಮ್ಮ ಕನ್ನಡ ಹುಡುಗರ ಮೇಲೆ ಸಂಶೋಧನೆ ನಡೆಸಿದ್ದಾರೆ. ಯಾವ ಹುಡುಗ ಏನು ಉಣ್ಣುತ್ತಾನೆ, ಎಷ್ಟು ಮಲಗುತ್ತಾನೆ, ಎಷ್ಟು ನಡೆಯುತ್ತಾನೆ, ಕೊನೆಗೆ ಪರೀಕ್ಷೆಯಲ್ಲಿ ಏನಾಗುತ್ತಾನೆ. ಪ್ರಶ್ನೆ ಕೇಳುವವನು ನಾನು, ತೂಕ ಮಾಡುವವನೂ ನಾನೇ. ತೂಕದ ಕಾಟಾ ಬೆಲ್ಲದ ವ್ಯಾಪಾರಿ ಈರಬಸಪ್ಪನವರದು. ಅದನ್ನು ಎಷ್ಟು ತೊಳೆದರೂ ಅಂಟು ಹೋಗುವುದಿಲ್ಲ. ಹುಡುಗರು ಇಳಿದು ಹೋದ ಮೇಲೆ ಇರುವೆಗಳು ಹತ್ತುತ್ತವೆ.

ಈ ಈರಬಸಪ್ಪನವರು ಪೇಠೆಯಲ್ಲಿ ಒಂದು ಹಳೆಯ ದೊಡ್ಡ ವಾಡೆಯ ಮನೆ ಕೊಂಡು ಅದರ ಕೆಳ ಅಂಕಣವನ್ನು ಕನ್ನಡ ವಿದ್ಯಾರ್ಥಿಗಳಿಗೆ ಬಿಟ್ಟುಕೊಡುತ್ತೇನೆ ಎಂದಿದ್ದಾರೆ. ಅಲ್ಲಿ ಏನು ಮಾಡಬೇಕೆಂದು ನೂರು ಜನ ನೂರು ಮಾತು ಹೇಳಿದರು. ಅವರು ಯಾರ ಮಾತನ್ನೂ ಕೇಳದೆ, "ಡಾಕ್ಟರ್ ಸಾಹೇಬ್ರು ಅಭ್ಯಾಸ ಮಾಡಿ ಹೇಳಲಿ, ಹುಡುಗರಿಗೆ ಏನು ಕಮ್ಮಿ ಬಿದ್ದದೋ ಅದನ್ನ ಮಾಡೋಣ" ಎಂದುಬಿಟ್ಟರು. ಸಂಕ್ರಾಂತಿಯ ಹೊತ್ತಿಗೆ ವರದಿ ಕೊಡಬೇಕು. ನನ್ನ ಆಸೆ ಒಂದೇ. ಅಲ್ಲಿ ಒಂದು ಊಟದ ಮನೆ ಆಗಬೇಕು.

ವಾರಾನ್ನ ಎಂದರೇನೆಂದು ಡಾಕ್ಟರಿಗೆ ನಾನೇ ತಿಳಿಸಿ ಹೇಳಬೇಕಾಯಿತು. ಬಡ ಹುಡುಗ ಓದಲು ಬಂದರೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರವಿಡೀ ಪುಣ್ಯವಂತರ ಮನೆ ಹಚ್ಚಿಕೊಂಡು ಉಣ್ಣುತ್ತಾನೆ ಎಂದೆ. ಅವರು ಕಣ್ಣರಳಿಸಿ, "ಇದು ಬಹಳ ದೊಡ್ಡ ಸಂಗತಿ" ಎಂದರು. ದೊಡ್ಡ ಸಂಗತಿ ಹೌದು. ಆದರೆ ಮೂರು ವರ್ಷ ವಾರಾನ್ನ ಉಂಡವನು ನೀನು. ನಾನು ಸೋದರಮಾವನ ದುಡ್ಡಿನಲ್ಲಿ ಖಾನಾವಳಿಯಲ್ಲಿ ಉಂಡವನು. ನಿನಗೆ ಗೊತ್ತಿದ್ದದ್ದು ನನಗೆ ಗೊತ್ತಿಲ್ಲ. ಹಳೆಯ ವಿದ್ಯಾರ್ಥಿ ಎಂದು ನಿನ್ನ ಅನುಭವ ಬರೆದು ಕಳಿಸು. ಹೊಟ್ಟೆ ತುಂಬುತ್ತಿತ್ತೇ ಇಲ್ಲವೇ, ಅಷ್ಟೇ ಸಾಕು.

ನಿನ್ನ ಮೇಲೆ ಇನ್ನೂ ಸಿಟ್ಟಿರುವ,
ಮಧುಕರ

*

ಗದಗ
೨೦ ಆಗಸ್ಟ್ ೧೯೩೬

ಮಧುಕರನಿಗೆ,

ಪತ್ರ ಮುಟ್ಟಿತು.

ನನಗೆ ವಾರ ಹಾಕಿದ್ದ ಮನೆಗಳವರೆಲ್ಲ ಮನಸಾರೆ ಬಡಿಸಿದರು. ನನ್ನ ಹೊಟ್ಟೆ ತುಂಬುತ್ತಿತ್ತು. ಇಂಟರ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾದದ್ದಕ್ಕೆ ಕಾರಣ ಬೇಕಿದ್ದರೆ ಸೋಮಾರಿತನ ಎಂದು ಬರೆದುಕೋ. ನಮ್ಮ ಅಪ್ಪ ಅದನ್ನೇ ಹೇಳುತ್ತಾರೆ. ಮೂವತ್ತು ವರ್ಷ ಸಾಲಿ ಮಾಸ್ತರಿಕೆ ಮಾಡಿದವರು, ಹುಡುಗರು ಯಾಕೆ ನಪಾಸಾಗುತ್ತಾರೆಂದು ಅವರಿಗೆ ನಿಮ್ಮ ಡಾಕ್ಟರಿಗಿಂತ ಚೆನ್ನಾಗಿ ಗೊತ್ತಿರಬೇಕು.

ಅಂಗಡಿಯಲ್ಲಿ ಕೆಲಸ ಬಹಳ. ಈ ವಿಷಯ ಮತ್ತೆ ಬರೆಯಬೇಡ. ಮೀಸೆ ಬಿಟ್ಟಿಲ್ಲ, ಅದು ಸುಳ್ಳು ಸುದ್ದಿ.

ಶ್ಯಾಮ

*

ಸದಾಶಿವ ಪೇಠ, ಪುಣೆ
೨೬ ಸಪ್ಟಂಬರ್ ೧೯೩೬

ಶ್ಯಾಮಾ,

ಬರೆಯಬೇಡ ಎಂದರೆ ಸುಮ್ಮನಿರುವ ಜಾಯಮಾನ ನನ್ನದಲ್ಲ, ನಿನಗೆ ಗೊತ್ತಿದೆ. ಒಂದು ತಿಂಗಳು ತಡೆದೆ. ಈಗ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ.

ಸಂಶೋಧನೆ ಎಂದರೆ ತಮಾಷೆ ಮಾರಾಯ. ಚಹಾ ಕುಡಿಯುವವರು ಗಣಿತದಲ್ಲಿ ಮುಂದೆ ಎಂದು ಒಂದು ವಾರ ಕಂಡಿತು. ಮುಂದಿನ ವಾರ ಬೇರೆ ಹುಡುಗರು ಸೇರಿದ ಮೇಲೆ ಅದು ಸುಳ್ಳಾಯಿತು. ನಸುಕಿನಲ್ಲಿ ಏಳುವವರೇ ಮುಂದೆ ಬರುತ್ತಾರೆಂದು ಎಲ್ಲರೂ ಹೇಳುತ್ತಾರಲ್ಲ, ಅದಕ್ಕೂ ಆಧಾರ ಸಿಗಲಿಲ್ಲ. ಡಾಕ್ಟರು ಇಂಥವಕ್ಕೆಲ್ಲ ಜಗ್ಗುವವರಲ್ಲ. ಅಂಕಿ ನಿಲ್ಲುವ ತನಕ ನಂಬುವುದಿಲ್ಲ.

ಆದರೆ ಒಂದು ಅಂಕಿ ಗಟ್ಟಿಯಾಗಿ ನಿಂತಿದೆ. ವಾರಾನ್ನದ ಹುಡುಗರು ಉಳಿದವರಿಗಿಂತ ಹಗುರ. ಜೂನ್ ತಿಂಗಳಲ್ಲಿ ಊರಿಂದ ಬಂದಾಗ ಸರಿಯಾಗಿಯೇ ಇರುತ್ತಾರೆ, ಆಮೇಲೆ ಇಳಿಯುತ್ತಾರೆ. ಪರೀಕ್ಷೆಯಲ್ಲೂ ಅವರೇ ಹೆಚ್ಚು ಸೋಲುತ್ತಾರೆ. ಇಲ್ಲಿಯತನಕ ಎಲ್ಲ ನಾನು ಅಂದುಕೊಂಡಂತೆಯೇ ಇತ್ತು. ಇನ್ನೇನು, ಊಟದ ಮನೆ ಆದಂತೆಯೇ ಎಂದು ಹಿಗ್ಗಿದೆ.

ಆದರೆ ಊಟದ ಬಗ್ಗೆ ಕೇಳಿದರೆ ಎಲ್ಲರದೂ ನಿನ್ನದೇ ಪಾಠ. ಮನಸಾರೆ ಬಡಿಸುತ್ತಾರೆ, ಹೊಟ್ಟೆ ತುಂಬುತ್ತದೆ. ಒಬ್ಬನೂ ಬೇರೆ ಮಾತಾಡುವುದಿಲ್ಲ. ಉಂಡ ಮನೆಯ ಕೊರತೆ ಹೇಳಬಾರದೆಂದು ತಾಯಿ ಕಿವಿ ಹಿಂಡಿ ಕಳಿಸಿರುತ್ತಾಳೆ. ಮೊನ್ನೆ ಬಾಗಲಕೋಟೆ ಕಡೆಯ ಒಬ್ಬ ಕಾಟಾದ ಮೇಲೆ ನಿಂತವನು ಕಣ್ಣು ಕತ್ತಲೆ ಬಂದು ನನ್ನ ಮೈಮೇಲೆ ಬಿದ್ದ. ನೀರು ಚಿಮುಕಿಸಿ ಎಬ್ಬಿಸಿದರೆ ಅವನ ಮೊದಲನೆಯ ಮಾತೇನು ಗೊತ್ತೇ? "ಇವತ್ತಿನ ಮನ್ಯಾಗ ಶ್ರೀಖಂಡ ಮಾಡಿದ್ರು, ಸ್ವಲ್ಪ ಜಾಸ್ತಿ ಉಂಡೆ ಅನಸ್ತದ್ರಿ."

ಡಾಕ್ಟರು ಪಾಪ, ಹೊರಗಿನವರು. ಬರೆದುಕೊಟ್ಟದ್ದನ್ನು ನಂಬುತ್ತಾರೆ. "ಮಧುಕರ್, ಆಹಾರ ಸರಿಯಿದೆ, ತೂಕ ಸರಿಯಿಲ್ಲ. ಹಾಗಿದ್ದ ಮೇಲೆ ದೋಷ ವ್ಯಾಯಾಮದ್ದು. ಇವರು ಉಂಡದ್ದು ಮೈಗೆ ಹತ್ತುವುದಿಲ್ಲ" ಎಂದರು. ಈಗ ಕರಡಿನಲ್ಲಿ ಬರೆದಿರುವುದು ಊಟದ ಮನೆಯಲ್ಲ, ತಾಲೀಮಿನ ಗರಡಿ. ಹಸಿದ ಹುಡುಗರ ಕೈಗೆ ಗದೆ ಕೊಡುತ್ತೇವೆ ಶ್ಯಾಮಾ! ಅದಕ್ಕೆ ಆಧಾರವಾಗಿ ನಾನು ತುಂಬಿದ ಕಾಗದಗಳು!

ನಾನು ಡಾಕ್ಟರ ಜೊತೆ ಜಗಳಾಡಿದೆ. "ನಿಮ್ಮ ಅನುಮಾನವನ್ನು ವರದಿಯಲ್ಲಿ ಬರೆಯಲು ನನಗೆ ಆಗುವುದಿಲ್ಲ, ಒಬ್ಬ ಹುಡುಗನ ಹೇಳಿಕೆ ತನ್ನಿ" ಎಂದರು. ತಪ್ಪೇನೂ ಹೇಳಲಿಲ್ಲ. ಈಗಿನ ಹುಡುಗರು ಬಾಯಿ ಬಿಡುವುದಿಲ್ಲ, ನಾಳೆಯೂ ಆ ಮನೆಗಳಿಗೇ ಉಣ್ಣಲು ಹೋಗಬೇಕು. ನೀನು ಹೋಗಬೇಕಾಗಿಲ್ಲ.

ನಮ್ಮ ವಾಡೆಯ ನೀರಿನ ಹೌದಿನ ಹತ್ತಿರ ನೀನು ತಂಬಿಗೆ ತಂಬಿಗೆ ನೀರು ಕುಡಿಯುತ್ತಿದ್ದದ್ದನ್ನು ನಾನು ನೋಡಿದ್ದೇನೆ. ಆಗ ಬಾಯಾರಿಕೆ ಎಂದುಕೊಂಡಿದ್ದೆ. ನನ್ನಂಥ ದಡ್ಡ ಇನ್ನೊಬ್ಬನಿಲ್ಲ. ಬರೆಯೋ, ಕೈಮುಗಿಯುತ್ತೇನೆ.

ನಿನ್ನ,
ಮಧುಕರ

*

ಗದಗ
೨೯ ಅಕ್ಟೋಬರ್ ೧೯೩೬

ಮಧೂ,

ಬನ್ನಿ ಕೊಟ್ಟು ಬಂಗಾರದಂತಿರೋಣ ಎಂದು ಊರೆಲ್ಲ ಹಳೆಯ ಜಗಳ ಮರೆಯುತ್ತಿದೆ. ನಾನು ಯಾಕೆ ಹಟ ಹಿಡಿಯಲಿ? ನೀನು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ. ಆದರೆ ಇದು ನಿನಗೆ, ನಿನ್ನ ಡಾಕ್ಟರಿಗಲ್ಲ. ಯಾರಿಗೂ ತೋರಿಸಬೇಡ.

ಹಸಿದಿದ್ದೆ. ಮೂರು ವರ್ಷವೂ ಹಸಿದಿದ್ದೆ. ಎರಡನೆಯ ವರ್ಷದಿಂದ ಓದಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಪುಸ್ತಕ ತೆರೆದರೆ ಅಕ್ಷರ ಅಲುಗಾಡುತ್ತಿದ್ದವು. ಪರೀಕ್ಷೆಯ ಕೋಣೆಯಲ್ಲಿ ಪ್ರಶ್ನೆ ಓದಿ ತಿಳಿದುಕೊಳ್ಳುವಷ್ಟರಲ್ಲಿ ಬೆವರು ಬಂದು ಕೈ ನಡುಗುತ್ತಿತ್ತು. ಅಪ್ಪನಿಗೆ ಇದನ್ನು ಹೇಳುವುದು ಹೇಗೆ? ಆ ಮನೆಗಳನ್ನೆಲ್ಲ ಪುಣೆಗೆ ಬಂದು, ಬಾಗಿಲು ಬಾಗಿಲಿಗೆ ನಿಂತು, ಕೈಮುಗಿದು ಹಚ್ಚಿಕೊಟ್ಟವರು ಅವರೇ. ಅವರ ಕಣ್ಣಲ್ಲಿ ನಾನು ಸೋಮಾರಿ ಆಗಿರುವುದೇ ಮೇಲು ಅನ್ನಿಸಿತು.

ದೊಡ್ಡ ಮನೆಗಳಲ್ಲಿ ನಾನು ಬೇಗ ಸಾಕು ಎನ್ನುತ್ತಿದ್ದೆ, ಯಾಕೆಂದರೆ ಬಡಿಸುವವರ ಕೈ ಒಂದು ಕ್ಷಣ ತಡೆಯುತ್ತಿತ್ತು. ಅದರ ಬಗ್ಗೆ ನಾನು ಬರೆಯಬಲ್ಲೆ, ನನಗೆ ಅಂಜಿಕೆಯಿಲ್ಲ. ಆದರೆ ಬರೆದರೆ ಎಲ್ಲ ಮನೆಗಳ ಬಗ್ಗೆಯೂ ಬರೆಯಬೇಕು. ಬುಧವಾರದ ಮನೆಯೂ ಬರುತ್ತದೆ.

ನಿನಗೆ ರಾಧಾಕಾಕು ಗೊತ್ತಲ್ಲ, ನಮ್ಮ ಓಣಿಯ ತಿರುವಿನ ವಾಡೆಯಲ್ಲಿ ಹಿಂದಿನ ಎರಡು ಕೋಣೆಯಲ್ಲಿದ್ದವರು. ಗಂಡ ತೀರಿಕೊಂಡ ಮೇಲೆ ಮಂದಿಗೆ ಹಪ್ಪಳ ಶಾಂಡಿಗೆ ಮಾಡಿಕೊಟ್ಟು ಮಗಳನ್ನು ಸಾಕುತ್ತಿದ್ದರು. ಅಂಥವರು ನನಗೆ ಬುಧವಾರದ ಊಟ ಹಾಕುತ್ತಿದ್ದರು. ಅವರ ಕೈ ಮಾತ್ರ ಎಂದೂ ತಡೆಯಲಿಲ್ಲ. ಪಡಸಾಲೆಯಲ್ಲಿ ನನ್ನನ್ನು ಕೂರಿಸಿ ಬುಟ್ಟಿ ಹಿಡಿದು ಬರುತ್ತಿದ್ದರು. ಬುಟ್ಟಿಯಲ್ಲಿ ಎರಡೇ ಎರಡು ಜೋಳದ ಭಕ್ಕರಿ. ಎರಡನ್ನೂ ನನಗೇ ಹಾಕಿ, "ಇನ್ನೊಂದು ತರ್ತೀನಿ ತಡಿ" ಎಂದು ಒಳಗೆ ತಿರುಗುತ್ತಿದ್ದರು. ಒಳಗೆ ಆ ಹುಡುಗಿ ಸುಲಭಾ ಇನ್ನೂ ಉಂಡಿರುತ್ತಿರಲಿಲ್ಲ. ಅವಳ ಪಾಲನ್ನು ನಾನು ಹೇಗೆ ತಿನ್ನಲಿ? ಸಾಕು ಕಾಕು, ಹೊಟ್ಟೆ ತುಂಬೇದ, ಎಂದು ಏಳುತ್ತಿದ್ದೆ. ಮೂರು ವರ್ಷ ಹಾಗೇ ನಡೆಯಿತು.

ಆ ಮನೆಯಲ್ಲಿ ಹುಡುಗ ಅರೆಹೊಟ್ಟೆ ಉಂಡ ಎಂದು ಒಂದು ವರದಿಯಲ್ಲಿ ಅಚ್ಚಾಗಬೇಕೇ? ಆಗುವುದಿಲ್ಲ. ಊಟದ ಮನೆ ಆಗದಿದ್ದರೆ ಬೇಡ.

ಶ್ಯಾಮ

*

ಸದಾಶಿವ ಪೇಠ, ಪುಣೆ
೧೯ ನವೆಂಬರ್ ೧೯೩೬

ಶ್ಯಾಮಾ,

ಇದನ್ನು ಓದಿ ನೀನು ನನ್ನನ್ನು ಬೈಯುತ್ತೀ. ಬೈಯಲಿ ಎಂದೇ ಬರೆಯುತ್ತಿದ್ದೇನೆ.

ದೀಪಾವಳಿಗೆ ರಾಧಾಕಾಕು ಅವರ ಮನೆಗೆ ಹೋಗಿದ್ದೆ. ಅವರೇ ನಿನ್ನ ಮಾತು ತೆಗೆದರು. "ಆ ಹುಡುಗ ಹೇಳದ ಹೋದ ನೋಡು. ಅಂವಗ ನಮ್ಮನ್ಯಾಗ ಎಂದೂ ಸಮಾಧಾನ ಆಗಲಿಲ್ಲ" ಎಂದರು. ಸಮಾಧಾನ ಆಗಲಿಲ್ಲ ಎಂಬ ಮಾತು ಕೇಳಿ ನನಗೆ ತಡೆಯಲಾಗಲಿಲ್ಲ. ನಿನ್ನ ಪತ್ರ ಕಿಸೆಯಲ್ಲೇ ಇತ್ತು. ಅವರ ಮನೆಯ ಬಗ್ಗೆ ಬರೆದದ್ದಷ್ಟನ್ನೂ ಓದಿ ಹೇಳಿದೆ. ನೀನು ಎಷ್ಟು ಗೌರವ ಇಟ್ಟಿದ್ದೀಯೆಂದು ತಿಳಿದು ಹಿಗ್ಗುತ್ತಾರೆ ಎಂದುಕೊಂಡಿದ್ದೆ.

ಅವರು ನಡುವೆಯೇ ಎದ್ದು ಒಳಗೆ ಹೋದರು. ಹೊರಗೆ ಬರಲೇ ಇಲ್ಲ. ಬಹಳ ಹೊತ್ತು ಕಾದೆ. ಸುಲಭಾ ಬಂದು, "ಮಧುಕರಣ್ಣಾ, ನೀವು ಈಗ ಹೋಗ್ರಿ" ಎಂದಳು. ಅವಳೀಗ ದೊಡ್ಡವಳಾಗಿದ್ದಾಳೆ, ಬಾಲಿಕಾ ಶಾಲೆಯಲ್ಲಿ ಕಲಿಸುತ್ತಾಳೆ.

ಮರುದಿನ ಹೋದೆ, ಬಾಗಿಲು ತೆಗೆಯಲಿಲ್ಲ. ನಾನು ಮಾಡಿದ್ದು ತಪ್ಪೇ? ತಪ್ಪು ಎಂದು ನನಗೆ ಗೊತ್ತಿದೆ, ಆದರೂ ಕೇಳುತ್ತಿದ್ದೇನೆ.

ಮಧುಕರ

*

ಗದಗ
೨೬ ನವೆಂಬರ್ ೧೯೩೬

ಮಧುಕರ,

ಯಾರಿಗೂ ತೋರಿಸಬೇಡ ಎಂದು ಬರೆದಿದ್ದೆ. ಕನ್ನಡದಲ್ಲೇ ಬರೆದಿದ್ದೆ.

ಮೂರು ವರ್ಷ ನಾನು ಹಸಿವನ್ನು ನುಂಗಿದ್ದು ಆ ಒಬ್ಬ ಹೆಂಗಸಿನ ಮನಸ್ಸು ನೋಯಬಾರದು ಎಂದು. ನೀನು ಒಂದು ಸಂಜೆಯಲ್ಲಿ ಅದನ್ನು ಮುಗಿಸಿದೆ. ನಿನಗೆ ಬೇಕಾದದ್ದು ನನ್ನ ಹೇಳಿಕೆ, ನಾನಲ್ಲ. ಇನ್ನು ಪತ್ರ ಬರೆದರೆ ಒಡೆಯದೆ ಹಿಂದಕ್ಕೆ ಕಳಿಸುತ್ತೇನೆ.

ಶ್ಯಾಮ

*

ಸದಾಶಿವ ಪೇಠ, ಪುಣೆ
೨೨ ಡಿಸೆಂಬರ್ ೧೯೩೬

ಶ್ಯಾಮಾ,

ಕಾರ್ಡನ್ನು ಒಡೆಯುವ ಮಾತೇ ಇಲ್ಲ, ಅದಕ್ಕೇ ಕಾರ್ಡಿನಲ್ಲಿ ಬರೆಯುತ್ತಿದ್ದೇನೆ. ಸಂಕ್ರಾಂತಿ ಮುಗಿದ ಮೊದಲ ರವಿವಾರ ವರದಿ ಓದುತ್ತಾರೆ. ಈರಬಸಪ್ಪನವರಿಗೆ ಕಾಯುವ ಸಮಾಧಾನವಿಲ್ಲ, ವಾಡೆಯ ಅಂಗಳದಲ್ಲಿ ಆಗಲೇ ಮಲ್ಲಖಂಬ ನೆಡಿಸಿದ್ದಾರೆ. ಕಂಬಕ್ಕೆ ಎಣ್ಣೆ ಹಚ್ಚುವುದನ್ನು ಬಾಗಲಕೋಟೆಯ ಆ ಹುಡುಗ ನೋಡುತ್ತ ನಿಂತಿದ್ದ. ನನಗೆ ಅಲ್ಲಿ ನಿಲ್ಲಲಾಗದೆ ಸೈಕಲ್ ಹತ್ತಿ ಎಲ್ಲೆಲ್ಲೋ ತಿರುಗಿ ಬಂದೆ. ನಿನ್ನಿಂದ ಇನ್ನೇನೂ ಕೇಳುವುದಿಲ್ಲ. ತಪ್ಪಾಯಿತು.

ಮಧುಕರ

*

ಸದಾಶಿವ ಪೇಠ, ಪುಣೆ
೬ ಜನೇವರಿ ೧೯೩೭

ಚಿರಂಜೀವಿ ಶ್ಯಾಮನಿಗೆ ರಾಧಾಕಾಕು ಮಾಡುವ ಆಶೀರ್ವಾದ.

ನನಗ ಪುಸ್ತಕದ ಭಾಷಾ ಬರೂದಿಲ್ಲ. ಮಾತಾಡಿದಂಗ ಬರೀತೀನಿ. ಸುಲಭಾ ತಾನು ಬರಕೊಡ್ತೀನಿ ಅಂದ್ಲು, ಬ್ಯಾಡ ಅಂದೆ. ಈ ಮಾತು ನನ್ನ ಕೈಲೆ ಬರೀಬೇಕು.

ಮೊದಲ ನಿನ್ನ ಬೈತೀನಿ, ಬೈಸ್ಕೋ.

ಮಧುಕರ ನಿನ್ನ ಪತ್ರಾ ಓದಿದಾಗ ನಾ ಎದ್ದು ಒಳಗ ಹೋದೆ. ನನಗ ಅಪಮಾನ ಆತು ಅಂತ ಅಂವ ತಿಳಕೊಂಡ. ಅಪಮಾನ ಅಲ್ಲೋ ಹುಚ್ಚಾ. ಒಲಿ ಮುಂದ ನಿಂತು ಅತ್ತೆ. ಬುಟ್ಯಾಗ ಎರಡ ಭಕ್ಕರಿ ಇದ್ವು ಅಂತ ಬರದೀಯಲ್ಲ, ನಿಮ್ಮವ್ವ ಭಕ್ಕರಿ ಬಡಸೂದು ನೀ ಎಂದೂ ನೋಡಿಲ್ಲೇನು? ಬಿಸಿ ಭಕ್ಕರಿ ಎಲ್ಲಾ ಒಮ್ಮೆಲೆ ತಂದಿಟ್ರ ಬಿರಸಾಗ್ತಾವ. ಎರಡೆರಡ ತರೂದು, ಮುಗದ್ರ ಮತ್ತ ಹೋಗಿ ತರೂದು. ಉಳದದ್ದು ಒಲಿ ಬಾಜೂಕ ಅರಿವಿ ಮುಚ್ಚಿ ಇಟ್ಟಿರತಿದ್ದೆ. ನಾ ಮಡೀಲೆ ಅಡಗಿ ಮಾಡಾಕಿ, ನಿನ್ನ ಹೊರಗ ಪಡಸಾಲ್ಯಾಗ ಕೂಡಸ್ತಿದ್ದೆ. ನಿನಗ ಒಲಿ ಎಲ್ಲೆ ಕಾಣಬೇಕು? ಒಂದು ಬುಟ್ಟಿ ನೋಡಿ ನಮ್ಮ ಮನೀನ ಅಳದುಬಿಟ್ಟಿ ನೀನು.

ಬಡತನ ಇತ್ತು, ಇಲ್ಲ ಅನ್ನೂದಿಲ್ಲ. ಆದ್ರ ಮಂಗಳವಾರ ಜ್ವಾಳಾ ಬೀಸೂ ಮುಂದ ನಿನ್ನ ಪಾಲು ಹಿಡದ ಬೀಸತಿದ್ದೆ. ಹದಿನೆಂಟು ವರ್ಷದ ಹುಡುಗ ಎಷ್ಟು ಉಣ್ತಾನ ಅನ್ನೂದು ನನಗ ಗೊತ್ತಿಲ್ಲೇನು, ನಾಕ ಮಂದಿ ಅಣ್ಣತಮ್ಮಂದ್ರ ಜೋಡಿ ಬೆಳದಾಕಿ ನಾನು. ನೀ ಸಾಕು ಅಂತ ಎದ್ದಮ್ಯಾಲೆ ಆ ಭಕ್ಕರಿ ಮರುದಿವಸ ಸುಲಭಾ ಮಜ್ಜಿಗ್ಯಾಗ ಕಲಿಸ್ಕೊಂಡು ತಿಂತಿದ್ಲು. ಬುಧವಾರ ಆಕಿ ಉಪವಾಸ ಇರತಿದ್ಲು ಅಂತ ನಿನಗ ಯಾರ ಹೇಳಿದ್ರು?

ಮೂರು ವರ್ಷ ನನಗ ಏನ ಅನಸ್ತಿತ್ತು ಅದನ್ನ ಹೇಳ್ತೀನಿ. ಮೊದಲ, ಈ ಹುಡುಗಗ ನನ್ನ ಕೈ ಅಡಗಿ ಸೇರೂದಿಲ್ಲ ಅಂದ್ಕೊಂಡೆ. ಹುಳಿಗೆ ಬೆಲ್ಲಾ ಹೆಚ್ಚು ಹಾಕಿ ನೋಡಿದೆ, ಕಡಿಮಿ ಹಾಕಿ ನೋಡಿದೆ. ಆಮ್ಯಾಲೆ ಇನ್ನೂ ಕೆಟ್ಟ ವಿಚಾರ ಬಂತು. ತಲಿ ಬೋಳಿಸಿದಾಕಿ ಬಡಸಿದ್ದು ಉಣ್ಣಲಿಕ್ಕೆ ಅಂವಗ ಮನಸ್ಸಿಲ್ಲ ಅಂತ. ಅದಕ್ಕ ಕಡೀ ವರ್ಷ ಸುಲಭಾನ ಕೈಲೆ ಬಡಸಲಿಕ್ಕೆ ಹಚ್ಚಿದೆ. ಆಗೂ ನೀ ಸಾಕು ಅಂದಿ. ಪರೀಕ್ಷಾಕ್ಕ ಹೋಗೂ ಮುಂದ ನೀ ನಮಸ್ಕಾರ ಮಾಡಲಿಕ್ಕೆ ಬಂದಿದ್ದಿ, ನಾ ಹೊರಗ ಬರಲಿಲ್ಲ. ನನ್ನ ಮಾರಿ ನೋಡಿ ಹೋಗೂದು ನಿನಗ ಬ್ಯಾಡ ಆಗಿರಬೇಕು ಅಂತ ಒಳಗ ಅಡಗಿ ಕೂತಿದ್ದೆ. ನಪಾಸ ಆದ ಸುದ್ದಿ ಕೇಳಿದಾಗ, ನನ್ನ ದನಿಯರೆ ಕಿವಿಗೆ ಬಿದ್ದು ಅಂವಗ ಅಪಶಕುನ ಆತೇನೋ ಅಂತ ಚಡಪಡಿಸಿದೆ.

ನೀ ನನ್ನ ಮರ್ಯಾದಿ ಕಾಯಲಿಕ್ಕೆ ಹೋಗಿ ನನಗ ಮಾಡಿದ್ದು ಇದು. ಇದಕ್ಕಿಂತ ನಮ್ಮನಿ ಭಕ್ಕರಿ ಎಲ್ಲಾ ಉಂಡು ಮುಗಿಸಿದ್ರ ಎಷ್ಟು ಛಲೋ ಇತ್ತು.

ಬೈಯೂದು ಮುಗೀತು. ಈಗ ಕೆಲಸದ ಮಾತು.

ಕಡೀಗೆ ಮಧುಕರನ್ನ ಕರಿಸಿ ಎಲ್ಲಾ ಕೇಳಿಕೊಂಡು, ಸುಲಭಾನ ಕರಕೊಂಡು ಆ ಡಾಕ್ಟರ ಕಡೆ ಹೋಗಿದ್ದೆ. ಸಭ್ಯ ಮನಷ್ಯಾ. ಮಕ್ಕಳಿಗೆ ಮನ್ಯಾಗ ಎಷ್ಟು ಬಡಸಿದ್ರು ಅಂತ ಕೇಳೀರಿ, ಅವು ಖರೇನ ಹೇಳ್ಯಾವ. ಇನ್ನೊಂದು ಹಾಕ್ರಿ ಅಂತ ಎಷ್ಟ ಮಂದಿ ಕೇಳಿದ್ರು ಅಂತ ಕೇಳೀರೇನು, ಅಂದೆ. ಮಂದಿ ಮನ್ಯಾಗ ಧರ್ಮದ ಊಟಕ್ಕ ಕೂತ ಹುಡುಗ ಎಂದೂ ಕೇಳೂದಿಲ್ಲರಿ. ಹಾಕಲಿಕ್ಕೆ ಬಂದ್ರೂ ಬ್ಯಾಡಂತಾನ. ಅಂವಗ ಕೇಳಿ ಉಣ್ಣೂ ಜಾಗಾ ಬೇಕು, ಅಂದೆ. ಅವ್ರು, "ಅಮ್ಮಾ, ನೀವು ಹೇಳುವುದು ನನಗೆ ಹೊಳೆದೇ ಇರಲಿಲ್ಲ. ಆದರೆ ಒಬ್ಬ ಹುಡುಗ ಹೆಸರು ಹಾಕಿ ಬರೆದುಕೊಟ್ಟರೆ ಮಾತ್ರ ನಾನು ಮತ್ತೆ ಎಲ್ಲರನ್ನೂ ಕೇಳಬಹುದು" ಅಂದ್ರು.

ಬರಿ ಶ್ಯಾಮಾ. ನಮ್ಮನಿ ಹೆಸರು ಹಾಕೇ ಬರಿ, ನಮ್ಮನಿ ಮರ್ಯಾದಿ ನಾ ನೋಡ್ಕೋತೀನಿ. ಕೈ ಹಿಡದು ಬಡಸೂ ಮನೀನೂ ಅವ, ಅವರ ಸುದ್ದಿ ನಮಗ್ಯಾಕ. ನಿನ್ನ ಹಸಿವಿ ನಿಂದು, ಅದನ್ನ ಬರಿ.

ಮತ್ತ ಆ ಮಧುಕರನ ಮ್ಯಾಲೆ ಸಿಟ್ಟು ಬಿಡು. ಅಂವ ಬಾಯಿಬಡಕ ಖರೆ. ಆದ್ರ ಅಂವ ಓದದಿದ್ರ ನಾ ಸಾಯೂತನಕಾ ನನ್ನ ಕೈಗೆ ನಾನ ಬೈಕೋತ ಇರತಿದ್ದೆ.

ರಾಧಾಬಾಯಿ

*

ಸದಾಶಿವ ಪೇಠ, ಪುಣೆ
೨೫ ಜನೇವರಿ ೧೯೩೭

ಶ್ಯಾಮಾ,

ನಿನ್ನ ಹೇಳಿಕೆ ಬಂತು. ನನಗೆ ಒಂದು ಸಾಲನ್ನೂ ಬರೆಯದೆ ನೇರ ಡಾಕ್ಟರಿಗೆ ಕಳಿಸಿದ್ದೀ, ನನಗೆ ಅದು ತಕ್ಕದ್ದೇ.

ಡಾಕ್ಟರು ವರದಿಯ ಸಭೆಯನ್ನು ಒಂದು ವಾರ ಮುಂದಕ್ಕೆ ಹಾಕಿ ವಾರಾನ್ನದ ಹುಡುಗರನ್ನೆಲ್ಲ ಮತ್ತೆ ಕರೆದರು. ನಿನ್ನ ಹೆಸರು ಹೇಳಿ ನಿನ್ನ ಹೇಳಿಕೆಯನ್ನು ತಾವೇ ಓದಿದರು. ಆಮೇಲೆ ಒಂದೇ ಪ್ರಶ್ನೆ. ಬೇಕೆನಿಸಿದಾಗ ಇನ್ನೊಂದು ಕೇಳಿ ಹಾಕಿಸಿಕೊಂಡವರು ಯಾರಿದ್ದೀರಿ? ಒಬ್ಬನೂ ಕೈಯೆತ್ತಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದರು. ಬಾಗಲಕೋಟೆಯವನು ನಗಲು ಶುರುಮಾಡಿದ, ನಗುತ್ತ ನಗುತ್ತ ಅಳತೊಡಗಿದ. ನಾನು ಹೊರಗೆ ಬಂದು ಮೂಗು ಒರೆಸಿಕೊಂಡೆ.

ನಿನ್ನೆ ಸಭೆಯಲ್ಲಿ ಡಾಕ್ಟರು ತಾಲೀಮಿನ ಮಾತನ್ನು ತಾವೇ ಹಿಂದಕ್ಕೆ ತೆಗೆದುಕೊಂಡರು. ತಾವು ತಪ್ಪು ಪ್ರಶ್ನೆ ಕೇಳಿದ್ದೆವೆಂದು ಎಲ್ಲರೆದುರು ಹೇಳಿದರು. ಈರಬಸಪ್ಪನವರು ಎದ್ದು, "ಊಟದ ಮನೀನ ಆಗಲಿ. ಕಂಬ ನಟ್ಟದ್ದು ನಟ್ಟಾಗೇತಿ, ಇರವಲ್ದ್ಯಾಕ. ಉಂಡ ಮ್ಯಾಲ ಹತ್ತತಾವ ಹುಡುಗ್ರು" ಎಂದರು. ಪುಕ್ಕಟೆ ಬೇಡ, ಸರದಿಯ ಮೇಲೆ ನೀರು ತರುವುದು, ಕಾಯಿಪಲ್ಲೆ ಹೆಚ್ಚುವುದು ಹುಡುಗರೇ ಮಾಡಲಿ, ಆಗ ಕೇಳಿ ಉಣ್ಣಲು ನಾಚುವುದಿಲ್ಲ ಎಂಬ ಕರಾರು ಸುಲಭಾಳದು. ಯಾರ ಪಂಕ್ತಿಯಲ್ಲಿ ಯಾರು ಕೂರಬೇಕೆಂದು ಹಿರಿಯರಲ್ಲಿ ಆಗಲೇ ಜಗಳ ಹತ್ತಿದೆ. ಹತ್ತಲಿ. ಜೂನ್ ತಿಂಗಳಲ್ಲಿ ಒಲೆ ಹೊತ್ತುತ್ತದೆ.

ನೀನು ಗೆದ್ದೆ ಎಂದು ಬರೆಯಲು ಹೊರಟಿದ್ದೆ. ಬರೆಯಲಾಗಲಿಲ್ಲ. ನಿನ್ನ ಆ ಮೂರು ವರ್ಷ ಯಾರು ತಿರುಗಿ ಕೊಡುತ್ತಾರೆ? ನನಗೆ ಒಂದು ಕಾರ್ಡು ಹಾಕು. ಬೈದು ಹಾಕಿದರೂ ಸರಿ.

ಮಧುಕರ

*

ಗದಗ
೭ ಫೆಬ್ರುವರಿ ೧೯೩೭

ಮಾತೃಸಮಾನರಾದ ರಾಧಾಕಾಕು ಅವರಿಗೆ ಶ್ಯಾಮನ ಸಾಷ್ಟಾಂಗ ನಮಸ್ಕಾರ.

ನಿಮ್ಮ ಪತ್ರಕ್ಕೆ ಇಷ್ಟು ದಿನ ಉತ್ತರ ಬರೆಯಲಾಗಲಿಲ್ಲ. ಮೊದಲು ಓದಿದಾಗ ಎದೆ ಒಡೆದಂತಾಯಿತು. ಮೂರು ವರ್ಷದ ಹಸಿವಿಗೆ ಯಾರ ಮೇಲಾದರೂ ಸಿಟ್ಟು ಮಾಡಿಕೊಂಡು ಬದುಕುತ್ತಿದ್ದೆ. ಒಮ್ಮೆ ದೊಡ್ಡ ಮನೆಯವರ ಮೇಲೆ, ಒಮ್ಮೆ ಬಡತನದ ಮೇಲೆ. ಬುಧವಾರ ಒಂದು ದಿನವಾದರೂ ನಾನು ಹೊಟ್ಟೆ ತುಂಬ ಉಣ್ಣಬಹುದಿತ್ತು, ನೀವು ಅದಕ್ಕಾಗಿ ಕಾದಿದ್ದಿರಿ ಎಂದು ತಿಳಿದ ಮೇಲೆ ಆ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯದೆ ಅಂಗಡಿಯಲ್ಲಿ ಎಲ್ಲರ ಮೇಲೆ ಹರಿಹಾಯ್ದೆ. ನಿಮ್ಮ ಕೈಯ ಹುಳಿ ನನಗೆ ಬಹಳ ಸೇರುತ್ತಿತ್ತು. ನಿಮ್ಮ ಮುಖ ನೋಡಿ ಹೋಗಬೇಕೆಂದೇ ಪರೀಕ್ಷೆಯ ದಿನ ಬಂದಿದ್ದೆ. ಒಳಗಿಂದ ಯಾಕೆ ಬರಲಿಲ್ಲವೆಂದು ನಾನೂ ದಾರಿಯುದ್ದಕ್ಕೂ ಏನೇನೋ ಎಣಿಸಿದ್ದೆ.

ಮಧುಕರನಿಗೆ ನಿನ್ನೆ ಕಾರ್ಡು ಹಾಕಿದ್ದೇನೆ. ಬೈದೇ ಹಾಕಿದ್ದೇನೆ.

ಇನ್ನೊಂದು ಸಂಗತಿ ನಿಮಗೆ ಮಾತ್ರ ಹೇಳುತ್ತೇನೆ. ಡಾಕ್ಟರಿಗೆ ಹೇಳಿಕೆ ಬರೆದಾಗ ಕೊನೆಯಲ್ಲಿ, "ಈಗ ನನ್ನ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ" ಎಂದು ಬರೆದೆ. ತಿರುಗಿ ಓದಿದರೆ ಅದು ಸುಳ್ಳಾಗಿತ್ತು. ನಪಾಸಾಗಿ ಬಂದ ದಿನದಿಂದ ಅಪ್ಪನ ಪಕ್ಕದಲ್ಲಿ ಕೂತು ಎರಡು ಭಕ್ಕರಿಗೆ ಸಾಕು ಎನ್ನುತ್ತಿದ್ದೇನೆ. ಯಾರೂ ಬೇಡ ಎಂದವರಿಲ್ಲ. ಅಪ್ಪ ಮಾತು ಬಿಟ್ಟಿದ್ದರೇ ಹೊರತು ತುತ್ತು ಎಣಿಸಿದವರಲ್ಲ. ನಾನೇ ಈ ಮನೆಯಲ್ಲೂ ವಾರದ ಹುಡುಗನಾಗಿ ಕೂತಿದ್ದೆ. ಆ ಸಾಲನ್ನು ಹೊಡೆದುಹಾಕಿ ಹೇಳಿಕೆ ಕಳಿಸಿದೆ. ಅದರ ಇನ್ನೊಂದು ಪ್ರತಿ ಮಾಡಿ ಅಪ್ಪನ ಕನ್ನಡಕದ ಕೆಳಗೆ ಇಟ್ಟೆ. ಓದಿದ್ದರೋ ಇಲ್ಲವೋ, ಅವರು ಏನೂ ಅನ್ನಲಿಲ್ಲ. ಹೀಗೇ ಎಷ್ಟೋ ದಿನ ಹೋಯಿತು.

ಇವತ್ತು ಮಧ್ಯಾಹ್ನ ಉಣ್ಣುವಾಗ ಎರಡನೆಯದು ಮುಗಿಯಿತು. ಅವ್ವ ನನ್ನ ಸಾಕು ಎಂಬ ಮಾತಿಗೂ ಕಾಯದೆ ಎದ್ದಳು. "ಅವ್ವಾ, ಇನ್ನೊಂದು ಬೇಕಾಗಿತ್ತು" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅವ್ವ ನಿಂತಲ್ಲೇ ನಿಂತಳು. ಒಳಗೆ ಭಕ್ಕರಿ ಇರಲಿಲ್ಲ ಕಾಕು. ನಾಲ್ಕು ವರ್ಷದಿಂದ ನನಗೆ ಎರಡೇ ಎಂದು ಹಿಡಿದು ಹಿಟ್ಟು ನಾದುತ್ತ ಬಂದಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು, "ಕೂಡು, ಏಳಬ್ಯಾಡ, ಈಗ ಮಾಡ್ತೀನಿ" ಎಂದು ಒಳಗೆ ಓಡಿದಳು. ಆರಿದ ಒಲೆಗೆ ಮತ್ತೆ ಕಟ್ಟಿಗೆ ಇಟ್ಟು ಊದುವುದು ಕೇಳಿಸಿತು.

ನಾನು ಎಂಜಲು ಒಣಗಿದ ಕೈ ತಾಟಿನ ಮೇಲಿಟ್ಟುಕೊಂಡು ಕೂತೆ. ಅಪ್ಪನ ಊಟ ಮುಗಿದಿತ್ತು. ಆದರೂ ಕೈ ತೊಳೆಯಲು ಏಳಲಿಲ್ಲ. ನನ್ನ ಭಕ್ಕರಿ ಬರುವ ತನಕ ಪಕ್ಕದಲ್ಲೇ ಕೂತಿದ್ದರು.

ನಿಮ್ಮ ಮಗನಂಥ,
ಶ್ಯಾಮ